ರಕ್ತ ಗುರುತು ಹಿಡಿಯಿತು

ಹುಟ್ಟಿದಾಗ ಮೈತುಂಬಿಕೊಂಡಿದ್ದ ತಮ್ಮನಿಗೆ ಗುಂಡ ಎಂದು ಹೆಸರಿಟ್ಟವಳು ಅಕ್ಕನೇ. ಅವನ ಸ್ನಾಯುಗಳು ಸೊರಗತೊಡಗಿದಾಗ ಅವಳು ಆಗಷ್ಟೇ ಪ್ರಯೋಗಾಲಯಕ್ಕೆ ಸೇರಿದ್ದಳು. ಆ ಕಾಯಿಲೆಗೆ ಔಷಧಿ ಇತ್ತು, ಆದರೆ ಅದು ಜೀವಕೋಶದ ಒಳಗೆ ಹೋಗುತ್ತಿರಲಿಲ್ಲ. ಹೇಳದೆ ಕೇಳದೆ ಕೋಶದೊಳಗೆ ನುಗ್ಗುವ ವಿದ್ಯೆ ವೈರಸ್ಸಿಗೆ ಕರಗತ. ಅಕ್ಕ ಅದರ ರೋಗ ತರುವ ತಿರುಳನ್ನು ತೆಗೆದು, ಬರಿಯ ಹೊರಚಿಪ್ಪಿನಲ್ಲಿ ಔಷಧಿ ತುಂಬಲು ಹೊರಟಳು. ಚಿಪ್ಪು ಒಡೆಯಿತು, ಸೋರಿತು, ಸ್ನಾಯುವನ್ನು ಬಿಟ್ಟು ಯಕೃತ್ತಿನಲ್ಲಿ ಹೋಗಿ ಕೂತಿತು. ಬಂದ ಸಂಬಂಧಗಳನ್ನೆಲ್ಲ ಅವಳು ಆಮೇಲೆ ನೋಡೋಣ ಎಂದು ತಳ್ಳಿದಳು. ಊಟದ ತಟ್ಟೆಯ ಮುಂದೆಯೂ ಚಿಪ್ಪಿನದೇ ಮಾತು. ವೈರಸ್ಸನ್ನು ನನಗಿಂತ ಹೆಚ್ಚು ಮುದ್ದು ಮಾಡ್ತೀಯ ಎಂದು ಗುಂಡ ರೇಗಿಸುತ್ತಿದ್ದ.

ಕೊನೆಗೂ ಚಿಪ್ಪು ಹೇಳಿದ ಮಾತು ಕೇಳಿತು. ರೋಗಿಗಳಿಗೆ ಕೊಟ್ಟು ನೋಡಲು ಒಪ್ಪಿಗೆ ಸಿಕ್ಕಿ, ಆಯ್ಕೆಯಾದವರಲ್ಲಿ ಗುಂಡನೂ ಇದ್ದ. ಮೊದಲು ರಕ್ತಪರೀಕ್ಷೆ. ದೇಹ ಅಂಥ ಚಿಪ್ಪನ್ನು ಹಿಂದೆ ಕಂಡಿದ್ದರೆ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಿರುಗಿಬಿದ್ದರೆ ಜೀವಕ್ಕೇ ಅಪಾಯ.

ವೈದ್ಯರು ಅವಳನ್ನು ಕರೆದು ಬಾಗಿಲು ಮುಚ್ಚಿದರು. ಗುಂಡನ ರಕ್ತ ಚಿಪ್ಪನ್ನು ಗುರುತು ಹಿಡಿದಿತ್ತು. ಹಿಂದಿನ ವರ್ಷ ಬೇರೊಂದು ತಂಡ ಇಂಥದ್ದೇ ಚಿಪ್ಪಿನಲ್ಲಿ ತನ್ನ ಔಷಧಿಯನ್ನು ಅವನಿಗೆ ಕೊಟ್ಟಿತ್ತಂತೆ, ಅದು ನಾಟಲಿಲ್ಲವಂತೆ. ಅಕ್ಕನಿಗೆ ನೀವೇ ಹೇಳಿ ಎಂದು ಗುಂಡ ಕೇಳಿಕೊಂಡಿದ್ದ.

ಹಿಂದಿನ ವರ್ಷ ಅವನೂ ಅಮ್ಮನೂ ಅತ್ತೆಯ ಮನೆಗೆಂದು ಹೋಗಿದ್ದರು. ಬಟ್ಟೆ ಜೋಡಿಸಿ, ಗಾಲಿಕುರ್ಚಿ ಹಿಡಿಸುವ ಗಾಡಿ ಹುಡುಕಿ ಕಳಿಸಿದವಳು ಅಕ್ಕನೇ.

ಮನೆಗೆ ಬಂದಾಗ ಅಮ್ಮ ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣೆ ಎಂದಳು. ಅತ್ತೆಗೂ ಗೊತ್ತಿತ್ತಾ ಎಂದರೆ, ಗೊತ್ತಿತ್ತು.

ಅಕ್ಕ ಗುಂಡನ ಎದುರು ಕೂತಳು. "ನನಗೊಂದು ಮಾತು ಹೇಳಿದ್ದರೆ, ಈ ಚಿಪ್ಪು ಒಂದೇ ಸಲ ಅಂತ ಹೇಳ್ತಿದ್ದೆನಲ್ಲೋ."

"ಅವರೂ ಹೇಳಿದ್ರು ಅಕ್ಕ."

ಅವಳಿಗೆ ತಕ್ಷಣ ಹೊಳೆಯಲಿಲ್ಲ. ನಿಧಾನವಾಗಿ ಅರ್ಥವಾಯಿತು. ಅವಳ ದಾರಿ ಮುಚ್ಚುತ್ತದೆಂದು ಗೊತ್ತಿದ್ದೇ ಅವನು ಹೋಗಿದ್ದ. ಆಮೇಲೆ ಇಡೀ ವರ್ಷ ತಟ್ಟೆಯ ಮುಂದೆ ಕೂತು ಅವಳ ಮಾತಿಗೆ ತಲೆದೂಗಿದ್ದ.

"ಪ್ರತಿ ಸಲ ನೀನು ಇನ್ನೊಂದು ವರ್ಷ ಅಂತಿದ್ದೆ. ನಿನ್ನದು ಆಗುತ್ತೆ ಅಂತ ನನಗೆ ನಂಬಿಕೆ ಇರಲಿಲ್ಲ" ಎಂದ ಗುಂಡ. "ಹೇಳೋಕೆ ಬಾಯಿ ಬರಲಿಲ್ಲ."

ಅಕ್ಕ ಜಗಳವಾಡಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು, ನಲ್ಲಿ ಬಿಟ್ಟೇ ಬಹಳ ಹೊತ್ತು ನಿಂತಳು.

ಗುಂಡನ ಜಾಗಕ್ಕೆ ಬಸ್ ಚಾಲಕನೊಬ್ಬನ ಮಗಳು ಬಂದಳು. ಔಷಧಿ ಅವಳಿಗೆ ನಾಟಿತು; ಕೆಲವು ತಿಂಗಳಲ್ಲಿ ಹುಡುಗಿ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕನ ಕೈಕುಲುಕಿದರು.

ಆ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಅಮ್ಮನಿಗೆ ಪಕ್ಕದ ಮನೆಯವರಿಂದ ತಿಳಿಯಿತು. ಬೆಳಿಗ್ಗೆ ಗುಂಡನನ್ನು ಎಬ್ಬಿಸಿ ಸ್ನಾನ ಮಾಡಿಸುವುದನ್ನು ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಕೆಲಸ ಹೇಗಿದೆ ಅಕ್ಕ ಎಂದು ಅವನು ಕೇಳಿದರೆ ಮಾತ್ರ, "ನಡೀತಿದೆ" ಎಂದು ಅವನ ಬೆನ್ನಿಗೆ ನೀರು ಹಾಕುತ್ತಿದ್ದಳು.