ಕ್ಲಾರಿನೆಟ್ ಊದುವವನ ವಸಡು

ಹಲ್ಲುಜ್ಜಿ ಉಗುಳಿದಾಗ ರಕ್ತ ಕಾಣುವುದು ಅವನಿಗೆ ಹೊಸತಾಗಿರಲಿಲ್ಲ. ಎರಡು ವರ್ಷದಿಂದ ನಲ್ಲಿ ತಿರುಗಿಸಿ ತೊಳೆದುಬಿಡುತ್ತಿದ್ದ, ಅಷ್ಟೇ. ರಕ್ತ ಬರುವ ಕಡೆ ಬ್ರಶ್ ತಾಗಿಸದೆ ಉಜ್ಜುವುದನ್ನೂ ಕಲಿತಿದ್ದ. ಆದರೆ ಆ ದಿನ ಬ್ಯಾಂಡಿನ ಅಭ್ಯಾಸದಲ್ಲಿ ಕ್ಲಾರಿನೆಟ್ ಬಾಯಿಗಿಟ್ಟಾಗ ಮೇಲಿನ ಮುಂದಿನ ಹಲ್ಲು ಮೆಲ್ಲಗೆ ಅಲುಗಿತು. ಆ ವಾದ್ಯ ನಿಲ್ಲುವುದೇ ಆ ಹಲ್ಲುಗಳ ಆಸರೆಯಲ್ಲಿ. ಎತ್ತರದ ಸ್ವರ ಜಾರಿಹೋಯಿತು.

"ಏನಣ್ಣ, ನಿದ್ದೆ ಬಂತಾ?" ಎಂದ ಡ್ರಮ್ ಬಾರಿಸುವವನು.

ಅವನು ನಕ್ಕು, ನಾಲಗೆಯಿಂದ ಆ ಹಲ್ಲನ್ನು ಒತ್ತಿ ನೋಡಿಕೊಂಡ.

ಅವನ ಅಪ್ಪನೂ ಅದೇ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರು ಶುರು ಮಾಡಿದರೆ, ಹಿಂಬದಿಯ ಮನೆಯ ಇಸ್ತ್ರಿಯವಳು ಕೆಲಸ ಬಿಟ್ಟು ಕಿಟಕಿಗೆ ಒರಗುತ್ತಿದ್ದಳು. ಬಟ್ಟೆ ಸುಟ್ಟರೆ ತಪ್ಪನ್ನೂ ಅಪ್ಪನ ಮೇಲೇ ಹಾಕುತ್ತಿದ್ದಳು. ಅವನೂ ತಂಗಿಯೂ ಅಪ್ಪನ ಬೆನ್ನಿಗೆ ಕಿವಿಯಾನಿಸಿ, ಒಳಗೆ ಉಸಿರು ತುಂಬುವ ಸದ್ದು ಕೇಳುತ್ತಿದ್ದರು. ಐವತ್ತಕ್ಕೆ ಅಪ್ಪನ ಹಲ್ಲುಗಳು ಅಲ್ಲಾಡತೊಡಗಿದವು. ಐವತ್ತೆರಡಕ್ಕೆ ವಾದ್ಯ ಪೆಟ್ಟಿಗೆ ಸೇರಿತು. ಆಮೇಲೆ ಬೀದಿಯಲ್ಲಿ ಬ್ಯಾಂಡು ಹೋದಾಗಲೆಲ್ಲ ಅಪ್ಪ ಒಳಗೆ ಹೋಗಿ ರೇಡಿಯೋ ಜೋರು ಮಾಡುತ್ತಿದ್ದರು. ವಯಸ್ಸಾಯಿತು, ಹಲ್ಲು ಹೋಗುತ್ತದೆ ಎಂದು ಎಲ್ಲರೂ ಅಂದರು. ಅವನೂ ನಂಬಿದ್ದ.

ಈಗ ಅವನಿಗೆ ನಲವತ್ತೊಂಬತ್ತು.

ಆ ಭಾನುವಾರ ತಂಗಿಯ ಮಗಳು ಮನೆಗೆ ಬಂದಳು. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಅವಳು. ಮಾವ ಸೇಬನ್ನು ತೆಳ್ಳಗೆ ಹೆಚ್ಚಿಕೊಂಡು ತಿನ್ನುವುದು ಅವಳ ಕಣ್ಣಿಗೆ ಬಿತ್ತು.

"ಕಚ್ಚಿ ತಿನ್ನೋದು ಯಾವಾಗ ಬಿಟ್ರಿ ಮಾವ?"

"ವಯಸ್ಸಾಯ್ತಲ್ಲಮ್ಮ."

"ಬನ್ನಿ ಇಲ್ಲಿ ಬೆಳಕಿಗೆ. ಬಾಯಿ ತೆಗೀರಿ."

ಕಿಟಕಿಯ ಬಳಿ ನಿಲ್ಲಿಸಿ ನೋಡಿದಳು. "ಇದು ವಯಸ್ಸಲ್ಲ, ವಸಡಿನ ರೋಗದ ಥರ ಕಾಣ್ತಿದೆ. ಹಲ್ಲಿನ ಬುಡದಲ್ಲಿ ದಿನಾ ಅಂಟು ಅಂಟಾಗಿ ಒಂದು ಪದರ ಕೂರುತ್ತೆ. ಅದರ ತುಂಬ ರೋಗಾಣು. ಅವನ್ನ ಕೊಲ್ಲೋಕೆ ನಮ್ಮ ರಕ್ತದ ಬಿಳಿ ಕಣಗಳು ಓಡಿಬರ್ತವೆ. ಅವು ಬರೋಕೆ ರಕ್ತನಾಳ ಅಗಲ ಆಗ್ಬೇಕಲ್ಲ, ಅದಕ್ಕೇ ವಸಡು ಕೆಂಪಾಗಿ ಊದಿಕೊಳ್ಳೋದು. ಮುಟ್ಟಿದ್ರೆ ರಕ್ತ ಬರೋದು."

"ನಮ್ಮ ಕಡೆಯವರೇ ಬಂದಿದಾರೆ ಅಂದ್ರೆ ಒಳ್ಳೇದೇ ಆಯ್ತಲ್ಲ," ಎಂದ ಅವನು. "ಅವರ ಕೆಲಸ ಅವರು ಮಾಡ್ಕೊಳ್ಳಲಿ ಬಿಡು."

"ಬೇಗ ಮುಗಿಸಿ ಹೋದ್ರೆ ಒಳ್ಳೇದೇ. ಆ ಪದರ ತೆಗೀದೇ ಬಿಟ್ರೆ ರೋಗಾಣೂ ಹೋಗಲ್ಲ, ಇವೂ ಹೋಗಲ್ಲ. ವರ್ಷಗಟ್ಟಲೆ ಅಲ್ಲೇ ಬೀಡು ಬಿಡ್ತವೆ. ರೋಗಾಣು ಕೊಲ್ಲೋಕೆ ಅಂತ ಅವು ಸುರಿಸೋ ರಸ ನಮ್ಮ ವಸಡನ್ನೇ ಹಾಳು ಮಾಡುತ್ತೆ. ಹಲ್ಲು ಹಿಡಿದಿರೋ ಮೂಳೆನೂ ಕರಗೋಕೆ ಶುರುವಾಗುತ್ತೆ. ಎಷ್ಟೋ ಸಲ ನೋವೇ ಇರಲ್ಲ, ಅದಕ್ಕೇ ಗೊತ್ತಾಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕೇಳಿದಳು, "ಡಾಕ್ಟರ ಹತ್ರ ಕ್ಲೀನ್ ಮಾಡಿಸಿದ್ರೆ ಗಟ್ಟಿ ಇರೋ ಹಲ್ಲೂ ಸಡಿಲ ಆಗುತ್ತಂತಲ್ಲ?"

"ಇಲ್ಲ ಅತ್ತೆ. ಆ ಪದರ ಗಟ್ಟಿಯಾಗಿ ಗಾರೆ ಥರ ಕಟ್ಟಿಕೊಂಡಿರುತ್ತೆ, ಅದನ್ನ ತೆಗೆದಾಗ ಸಂದು ಕಾಣುತ್ತೆ, ಊತ ಇಳಿಯುತ್ತೆ, ಹಾಗಾಗಿ ಸಡಿಲ ಅನ್ಸುತ್ತೆ. ಸಡಿಲ ಮಾಡೋದು ರೋಗ, ಕ್ಲೀನಿಂಗ್ ಅಲ್ಲ."

ಅವನು ಕೇಳಿದ. "ಅಪ್ಪಂಗೂ ಇದೇ ಆಗಿತ್ತಾ?"

"ತಾತನ ಬಾಯಿ ನಾನು ನೋಡಿಲ್ಲ ಮಾವ. ಅಮ್ಮ ಹೇಳೋದು ಕೇಳಿದ್ರೆ ಹಾಗೇ ಅನ್ಸುತ್ತೆ."

"ತಡೀಬಹುದಿತ್ತಾ?"

"ಬೇಗ ಗೊತ್ತಾಗಿದ್ರೆ, ಬಹುಶಃ."

ಅವನು ಎದ್ದು ಹಿತ್ತಿಲಿಗೆ ಹೋದ. ಹಿಂಬದಿಯ ಮನೆಯ ಕಿಟಕಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಯಾರಾದರೂ ಒಬ್ಬರು ಹೇಳಿದ್ದರೆ ಅಪ್ಪ ಈ ಮೆಟ್ಟಿಲ ಮೇಲೆ ಇನ್ನೂ ಹತ್ತು ವರ್ಷ ಊದುತ್ತಿದ್ದರೇನೋ ಎಂದುಕೊಂಡ. ಒಳಗೆ ಬಂದು, "ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಎಂದ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ತೋರಿಸಿ ಮುಚ್ಚುಮರೆಯಿಲ್ಲದೆ ಹೇಳಿದರು: "ಹೋದ ಮೂಳೆ ಪೂರ್ತಿ ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸಿಕೊಳ್ಳೋಣ." ಒಂದು ದವಡೆ ಹಲ್ಲನ್ನು ಕೀಳಲೇಬೇಕಾಯಿತು. ಉಳಿದವುಗಳ ಬುಡವನ್ನು ವಸಡಿನ ಒಳಗಿನವರೆಗೂ ನಾಲ್ಕು ಸಲ ಕರೆಸಿ ಸ್ವಚ್ಛ ಮಾಡಿದರು. ರಕ್ತ ಬರುವ ಕಡೆಯೇ ಮೆತ್ತನೆಯ ಬ್ರಶ್ಶಿನಿಂದ ಮೃದುವಾಗಿ ಉಜ್ಜಬೇಕೆಂದರು. ಮೊದಲ ವಾರ ಅವನ ಕೈ ಹಿಂಜರಿಯಿತು. ಮೂರನೆಯ ವಾರ ಉಗುಳಿದ ನೀರು ತಿಳಿಯಾಗಿತ್ತು.

ಮೂರು ತಿಂಗಳಾದ ಮೇಲೆ ಮುಂದಿನ ಹಲ್ಲು ಬಹುಮಟ್ಟಿಗೆ ಬಿಗಿಯಾಗಿತ್ತು. ಬ್ಯಾಂಡಿನ ಅಭ್ಯಾಸದಲ್ಲಿ ಎತ್ತರದ ಸ್ವರ ಹಿಡಿದು, ಉಸಿರು ಇರುವಷ್ಟು ಹೊತ್ತು ನಿಲ್ಲಿಸಿದ.

ಆ ವಾರ ಹೆಂಡತಿ ತಾನಾಗಿಯೇ ಬಾಯಿಬಿಟ್ಟಳು. "ನಂಗೂ ಆಗಾಗ ರಕ್ತ ಬರುತ್ತೆ. ಹೇಳಿರ್ಲಿಲ್ಲ. ಒಂದ್ಸಲ ತೋರಿಸ್ಕೊಂಡು ಬರೋಣ."

"ನಡಿ," ಎಂದ ಅವನು. ಡಾಕ್ಟರು ನೋಡಿದಾಗ ಅವಳ ರೋಗ ಇನ್ನೂ ಮೂಳೆ ಮುಟ್ಟಿರಲಿಲ್ಲ.

ಇದನ್ನು ಓದುತ್ತಿರುವವರೇ, ನಿಮ್ಮ ವಸಡಿನಲ್ಲಿ ರಕ್ತ ಬರುತ್ತಿದೆಯೇ? ಅಲ್ಲಿ ಉಜ್ಜುವುದನ್ನು ಬಿಡಬೇಡಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಸಂದುಗಳನ್ನೂ ಶುಚಿ ಮಾಡಿ. ಬೀಡಿ, ಸಿಗರೇಟು, ತಂಬಾಕು ಇದ್ದರೆ ಬಿಡಿ. ಸಕ್ಕರೆ ಕಾಯಿಲೆ ಇದ್ದವರು ಇನ್ನಷ್ಟು ಎಚ್ಚರವಾಗಿರಿ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಹೇಳುವವರು ಇರಲಿಲ್ಲವೇನೋ. ನಿಮಗೆ ಹೇಳಿದ್ದೇವೆ, ನೀವು ಇನ್ನೊಬ್ಬರಿಗೆ ಹೇಳಿ.