ಫಿರ್ಮಿನ್‌ನ ಒಗೆದ ಕೋಟು

"ಬಿಡೇ, ಹಿಂಡಬೇಡ ಅದನ್ನ!" ಎಂದು ಕೂಗುತ್ತ ಜೊಸೆಟ್ ಸೊಸೆಯ ಕೈಯಿಂದ ತನ್ನ ಗಂಡನ ಒದ್ದೆ ಕೋಟನ್ನು ಕಿತ್ತುಕೊಂಡಳು. ಮುಂದಿನ ಕೋಣೆಯಲ್ಲಿ ಫಿರ್ಮಿನ್ ಶವಪೆಟ್ಟಿಗೆಯೊಳಗೆ ತಣ್ಣಗೆ ಮಲಗಿದ್ದ.

"ಕೊಳೆಯಾಗಿತ್ತು ಅತ್ತೆ. ಬಂದವರು ಏನಂದ್ಕೋತಾರೆ ಅಂತ ಮೆಷಿನ್ನಿಗೆ ಹಾಕ್ದೆ," ಎಂದಳು ಕೊರಾಲಿ.

"ಅವನ ವಾಸನೆ ಉಳಿದಿದ್ದು ಅದೊಂದರಲ್ಲೇ ಕಣೇ! ನಿನ್ನ ಲಿಲೂಗೆ ಅಂತ ಎತ್ತಿಟ್ಟಿದ್ದೆ. ತಾತ ಹೇಗಿದ್ದ ಅಂದ್ರೆ ಆ ಕೂಸಿಗೆ ಇನ್ನೇನು ತೋರಿಸ್ಲಿ, ಫೋಟೋನಾ?"

ಫಿರ್ಮಿನ್‌ನ ಹಳೇ ಜತೆಗಾರ ಅಂಜೆಲೊ ಬಾಗಿಲಲ್ಲೇ ಟೋಪಿ ತೆಗೆದ. "ನಿನ್ನ ಮೂಗಿಗೆ ಆ ವಾಸನೆ ಜನ್ಮದಲ್ಲಿ ಬಡಿದಿಲ್ಲ. ಆದ್ರೂ ರಂಪ ನೋಡು ನಿಂದು!"

ನಿಜವೇ. ಗ್ರಾಸ್ ಊರಿನ ಸೆಂಟಿನ ಕಾರ್ಖಾನೆಯಲ್ಲಿ ಫಿರ್ಮಿನ್ ಆಯುಷ್ಯವೆಲ್ಲ ಅಂಬ್ರಾಕ್ಸೈಡ್ ಎಂಬ ಬಿಳಿ ಹರಳನ್ನು ಜರಡಿ ಹಿಡಿದವನು. ಗಂಡಸರ ಸೆಂಟಿಗೆ ಹೋಗುವ ಮಾಲು ಅದು. ಅವನ ಮೈಗೂ ಬಟ್ಟೆಗೂ ಅಂಟಿದ್ದ ಅದರ ಕಂಪು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಜೊಸೆಟ್‌ಳದು ಅಂಥ ಮೂಗು.

*

ಮದುವೆಗೆ ಮುಂಚೆ, ಕಾರ್ಖಾನೆಯವರ ಕುಣಿತದ ದಿನ, ಹುಡುಗಿಯರೆಲ್ಲ ಫಿರ್ಮಿನ್‌ನ ಕೊರಳಿಗೆ ಮೂಗು ತಂದವರೇ. ಜೊಸೆಟ್ ಮಾತ್ರ ಮೂಸಿ ನೋಡಿ, "ಸ್ನಾನ ಮಾಡಿದ್ದೀಯೋ ಇಲ್ವೋ ಮಾರಾಯ? ಏನೂ ಗೊತ್ತಾಗ್ತಿಲ್ಲ," ಎಂದಿದ್ದಳು.

ಅವನು ಬಿದ್ದು ಬಿದ್ದು ನಕ್ಕಿದ್ದ. "ಸದ್ಯ! ನೀನೊಬ್ಬಳು ನನ್ನನ್ನೇ ನೋಡಿ ಬಂದೆ."

ಆಮೇಲೆ ಆ ಕಂಪನ್ನು ಅವಳು ಬೇರೆಯವರ ಮುಖದಲ್ಲೇ ಕಂಡದ್ದು. ಬಸ್ಸಿನಲ್ಲಿ ತಿರುಗಿ ನೋಡುವ ಹೆಂಗಸರು; ಎಷ್ಟು ಹಟ ಮಾಡಿದರೂ ಅಪ್ಪನ ಹೆಗಲಿಗೆ ಬಿದ್ದೊಡನೆ ನಿದ್ದೆ ಹೋಗುತ್ತಿದ್ದ ಮಗ.

*

ಸ್ಮಶಾನದಲ್ಲಿ ಗಾಳಿ ಕೊರೆಯುತ್ತಿತ್ತು. ಒಬ್ಬೊಬ್ಬರೇ ಬಂದು ಪೆಟ್ಟಿಗೆಯ ಮೇಲೆ ಪವಿತ್ರ ನೀರು ಚಿಮುಕಿಸುತ್ತಿದ್ದರು. ಲಿಲೂ ಅತ್ತೂ ಅತ್ತೂ ಕೆಂಪಾಗಿದ್ದಳು. ಜೊಸೆಟ್ ಒಲೆಯ ಮುಂದೆ ಒಣಗಿಸಿದ ಕೋಟನ್ನು ಕಂಕುಳಲ್ಲಿ ಅವಚಿಕೊಂಡು ಬಂದಿದ್ದಳು. "ಇನ್ಯಾಕೆ ಇದು, ಅವನ ಜೊತೆಗೇ ಹೋಗ್ಲಿ," ಎಂದು ಗುಂಡಿಯತ್ತ ನಡೆದಳು.

"ಕೊಡಿ ಅತ್ತೆ, ಮಗೂಗೆ ಚಳಿ," ಎಂದು ಕೊರಾಲಿ ಅದನ್ನು ಎಳೆದುಕೊಂಡು ಕೂಸಿಗೆ ಸುತ್ತಿದಳು.

ಅಳು ನಿಂತಿತು. ಲಿಲೂ ಕಾಲರಿನೊಳಗೆ ಮೂಗು ತೂರಿಸಿದಳು. ಅಂಜೆಲೊ ಬಗ್ಗಿ ಮೂಸಿದವನು ಕಣ್ಣೊರೆಸಿಕೊಂಡು ನಕ್ಕ. "ಹೋಗಿಲ್ಲ ಕಣೇ! ಸೋಪಿನ ಘಾಟು ಆರಿದ ಮೇಲೆ ನೋಡು, ಹಾಗೇ ಇದ್ದಾನೆ!"

ಜೊಸೆಟ್ ತಾನೂ ಮೂಸಿದಳು. ಬರೀ ಬಟ್ಟೆ.

"ಇದೆಯಾ?" ಎಂದು ಕೂಸನ್ನೇ ಕೇಳಿದಳು.

ಪಾದ್ರಿ ಅವಳ ಕೈಗೆ ನೀರು ಚಿಮುಕಿಸುವ ಕುಂಚ ಕೊಟ್ಟ. ಅದರಿಂದ ನೀರು ತೊಟ್ಟಿಕ್ಕಿ ಅವಳ ಬೂಟು ನೆನೆಯುತ್ತಿತ್ತು. ಅವಳು ಮಾತ್ರ ಅರಳಿ ಅರಳಿ ಮುಚ್ಚುತ್ತಿದ್ದ ಆ ಪುಟ್ಟ ಮೂಗಿನ ಹೊಳ್ಳೆಗಳನ್ನೇ ನೋಡುತ್ತ ನಿಂತಿದ್ದಳು.