ಸಿಡಿಲವ್ವನ ಹೊಸ ಅಂಗಿ

"ಸಿಡಿಲವ್ವನ ಅರಿವಿ ಬದಲ್ ಮಾಡೂಣು ತಂಗಿ," ಎಂದು ನಿಪ್ಪಾಣಿಯ ಛಾಪಖಾನೆಯಲ್ಲಿ ಶಾಂತಿನಾಥ ಅಂದಾಗ ಸೌಂದರ್ಯಾಳಿಗೆ ಮೊದಲು ಖುಷಿಯೇ ಆಯಿತು. ಅವನ ಮಕ್ಕಳ ಮಾಸಪತ್ರಿಕೆಗೆ ಈ ಹಾರುವ ವೀರನಾರಿಯ ಕಾಮಿಕ್ಸ್ ಬರೆದು, ಚಿತ್ರ ತೆಗೆಯುತ್ತ ಬಂದವಳು ಅವಳೇ. ಆದರೆ ವೇಷ ಮಾತ್ರ ಅವಳದಾಗಿರಲಿಲ್ಲ. ಆಗೆಲ್ಲ ಮುಖಪುಟ ಎರಡೇ ಬಣ್ಣದಲ್ಲಿ ಅಚ್ಚಾಗುತ್ತಿತ್ತು. ಇದ್ದದ್ದು ನೀಲಿ, ಕೆಂಪು ಮಸಿ. ಹಾಗಾಗಿ ಸಿಡಿಲವ್ವನಿಗೆ ಮೈಗಂಟಿದ ನೀಲಿ ಉಡುಪು, ಬೆನ್ನಿಗೆ ಕೆಂಪು ಹೊದಿಕೆ. ಈಗ ಎಲ್ಲ ಬಣ್ಣ ಹಾಕುವ ಮಷಿನ್ ಬಂದಿತ್ತು.

"ಮುಂಬೈ ಕಡೆ ಮಾಡ್ತಾರಲ್ಲ, ಹಂಗ ಚಕಾಚಕ್ ಆಗ್ಲಿ. ಸೊಂಟಕ್ಕ ಬಂಗಾರದ ಪಟ್ಟಾ, ಬೂಟ..."

ರಾಯಬಾಗದ ಮನೆಗೆ ಬಂದು ಹಾಳೆಯ ಮೇಲೆ ಹಾಳೆ ಗೀಚಿದಳು. ಬರೆದ ಸಿಡಿಲವ್ವರೆಲ್ಲ ಬಟ್ಟೆ ಅಂಗಡಿಯ ಗೊಂಬೆಗಳಂತೆ ನಿಂತರು. ಬೇಸತ್ತು, ಮರುದಿನ ಅತ್ತೆ ಕಸ್ತೂರೆವ್ವನ ಜೊತೆ ಕಬ್ಬಿನ ಒಣಗರಿ, ಅಂದರೆ ರವದಿ, ಸುಲಿಯಲು ಹೊರಟಳು. ಹೊಲದ ಬದುವಿನಲ್ಲಿ ಅತ್ತೆ ತನ್ನ ಮಗ ಭರತನ ಹಳೆಯ ತುಂಬುತೋಳಿನ ಅಂಗಿಯನ್ನು ಸೊಸೆಯ ಕಡೆ ಎಸೆದಳು.

"ಗಂಡನ ಅಂಗಿ ಸೀರಿ ಮ್ಯಾಲ ಹಾಕ್ಕೊ ಬೇ. ಇಲ್ಲಂದ್ರ ಗರಿ ಕೊಯ್ತಾವು."

ಕಾಲರಿನ ತನಕ ಗುಂಡಿ ಹಾಕಿ, ತಲೆಗೆ ವಸ್ತ್ರ ಬಿಗಿದು ಸಾಲಿನೊಳಗೆ ನುಗ್ಗಿದಳು. ಅಲಗಿನಂಥ ಗರಿಗಳು ತೋಳನ್ನು ಸವರಿ ಸುಮ್ಮನಾದವು. ಕೆಂಪು ಹೊದಿಕೆಯ ಸಿಡಿಲವ್ವ ಇಲ್ಲಿ ನಾಲ್ಕು ಹೆಜ್ಜೆ ಇಡಲಾರಳು ಅನ್ನಿಸಿ ನಗು ಬಂತು. ಆಮೇಲೆ ನಗು ನಿಂತಿತು.

ಹೊಸ ಚಿತ್ರ ನೋಡಿ ಶಾಂತಿನಾಥ ಕನ್ನಡಕ ತೆಗೆದ. "ಇದೇನ್ ತಂಗಿ? ಕಚ್ಚಿ ಸೀರಿ, ಗಂಡಸರ ಅಂಗಿ! ಕಬ್ಬಿನ ಗ್ಯಾಂಗಿನಾಕಿನ್ನ ತಂದ್ ನಿಲ್ಲಿಸಿಯಲ್ಲ. ಯಾರ್ ತಗೋತಾರ?"

"ಆಕಿ ನಮ್ಮ ಹೊಲದ ಮ್ಯಾಲ ಹಾರಾಕಿ, ಅಣ್ಣಾರ. ಬಂಗಾರದ ಪಟ್ಟಾನ ಬೇಕಂದ್ರ ಬ್ಯಾರೆದವರ ಕಡೆ ತಗಸ್ರಿ. ನಾ ತಗಿಯಂಗಿಲ್ಲ."

ಅಂದುಬಿಟ್ಟ ಮೇಲೆ, ಸಿಡಿಲವ್ವ ಬೇರೆಯವರ ಪಾಲಾದರೆ ಬೆಳಿಗ್ಗೆ ಎದ್ದು ತಾನು ಏನು ಮಾಡಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ. ಶಾಂತಿನಾಥ ಚಿತ್ರವನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಆತು, ಒಂದ್ ಅಂಕ ಹಾಕೂಣು. ನಡೀಲಿಲ್ಲಂದ್ರ ನಾ ಹೇಳ್ದಂಗ."

ಸಂಚಿಕೆ ಪೇಟೆಗೆ ಬಂದ ವಾರದೊಳಗೇ ಅವನ ಫೋನು. "ಅಥಣಿ, ಕಾಗವಾಡ ಕಡೆಯಿಂದ ಹುಡುಗ್ಯಾರು ಫೋಟೋ ಕಳಸಾಕತ್ತಾರ! ಅಪ್ಪಂದಿರ ಅಂಗಿ ತೊಟ್ಕೊಂಡು, ಕೈ ಮ್ಯಾಲ ಮಾಡಿ ನಿಂತಾರ. ಮುಂದಿನ ಮುಖಪುಟ ಲಗೂನ ಕಳಸವಾ ತಂಗಿ."

ಸೌಂದರ್ಯಾ ಕಟ್ಟೆಯ ಮೇಲೆ ಹಾಳೆ ಹಾಸಿಕೊಂಡು ಕೂತಳು. ಹೊಲದಿಂದ ಆಗಷ್ಟೇ ಬಂದ ಕಸ್ತೂರೆವ್ವ ಬಗ್ಗಿ ನೋಡಿದಳು.

"ಎಲ್ಲಾ ಬರೋಬರಿ ಐತಿ. ಕಾಲಾಗ ಯಾಕ ಏನಿಲ್ಲ? ಕಬ್ಬ ಕಡದ ಕೂಳಿ ಚುಚ್ಚಂಗಿಲ್ಲೇನ ಆಕಿಗಿ?"

"ಹಾರ್ತಾಳಲ್ಲ ಅತ್ತಿ."

"ಇಳೀತಾಳಿಲ್ಲೋ?"

ಕಸ್ತೂರೆವ್ವ ಕಟ್ಟೆಯ ಅಂಚಿಗೆ ಕೂತು, ಮಣ್ಣು ಮೆತ್ತಿದ ಚಪ್ಪಲಿಯ ಕಾಲನ್ನು ಬಿಸಿಲಿಗೆ ಚಾಚಿದಳು. ಸೌಂದರ್ಯಾ ಪೆನ್ಸಿಲ್ ಚೂಪು ಮಾಡಿಕೊಂಡಳು.